ಜರಡಿ ಸಾಹೇಬರು

ದೇವೇಂದ್ರಪ್ಪ ಸಾಹೇಬರು ಮರಳು ತಿನ್ನುತ್ತಿದ್ದರು. ನಾನು ಅವರನ್ನು ಮೊದಲ ಸಲ ನೋಡಿದಾಗ ಅದೇ ಕೆಲಸದಲ್ಲಿದ್ದರು. ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ರಸ್ತೆ ಅಗಲ ಮಾಡುವುದಕ್ಕೆ ಆಗಷ್ಟೇ ಶುರು ಮಾಡಿದ್ದರು. ಮರಳು ತುಂಬಿದ ಟಿಪ್ಪರ್ ಒಂದು ಬಂದು ನಿಂತಿತು. ಕಡ್ಡಿಯಂಥ ಮೈಯ, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡಿದ್ದ ಒಬ್ಬರು ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಒಂದು ಚಿಟಿಕೆ ಮರಳು ತೆಗೆದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಕಡಿದರು. ಆಮೇಲೆ ಉಗಿದು, ಬಾಟಲಿ ನೀರಲ್ಲಿ ಬಾಯಿ ಮುಕ್ಕಳಿಸಿ ಡ್ರೈವರಿಗೆ ಹೇಳಿದರು.

“ಮಣ್ಣಿದೆ. ವಾಪಸ್ ತಗೊಂಡು ಹೋಗಿ.”

“ಉಪ್ಪು ಖಾರ ಸರಿ ಇತ್ತಾ ಸಾರ್?” ಅಂದ ಡ್ರೈವರ್.

“ಅದನ್ನ ನಿಮ್ಮ ಮನೇಲಿ ಕೇಳಿ. ಇಲ್ಲಿ ಮಣ್ಣಿದೆ.”

ಹಲ್ಲಿಗೆ ಕರಕರ ಅಂದರೆ ಮರಳು, ಜಿಗಟು ಜಿಗಟಾಗಿ ಅಂಟಿದರೆ ಮಣ್ಣು. ಆದರೆ ಹಲ್ಲಿನ ಸಾಕ್ಷಿ ಸರ್ಕಾರಕ್ಕೆ ನಡೆಯುವುದಿಲ್ಲವಂತೆ. ಹಾಗಾಗಿ ಅದೇ ಮರಳನ್ನು ಉದ್ದನೆಯ ಗಾಜಿನ ಲೋಟಕ್ಕೆ ಹಾಕಿ, ಉಪ್ಪುನೀರು ಸುರಿದು, ಕುಲುಕಿ ಕಿಟಕಿಯ ಮೇಲಿಡುತ್ತಿದ್ದರು. ಮರಳು ತಳದಲ್ಲಿ ಕೂರುತ್ತಿತ್ತು, ಮಣ್ಣು ಮೇಲೆ ಕೆನೆಯಂತೆ ನಿಲ್ಲುತ್ತಿತ್ತು. ಕೆನೆಯನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಹಲ್ಲು ಒಂದು ಹೇಳಿ ಲೋಟ ಇನ್ನೊಂದು ಹೇಳಿದ್ದನ್ನು ನಾನಂತೂ ನೋಡಿಲ್ಲ.

ರಸ್ತೆಗೆ ಹಾಕುವ ಮರಳು, ಜಲ್ಲಿ, ಸಿಮೆಂಟು, ಡಾಂಬರು ಸರಿಯಾಗಿವೆಯೋ ಇಲ್ಲವೋ ನೋಡುವುದಕ್ಕೆ ಸರ್ಕಾರ ಇಟ್ಟಿದ್ದ ಇಂಜಿನಿಯರು ಅವರು. ಕಟ್ಟುವವರು ಕಂಪನಿಯವರು, ಕಟ್ಟಿದ್ದನ್ನು ಒಡೆದು ನೋಡುವವರು ಇವರು. ದಿನಾ ಕಡೂರಿನಿಂದ ಬಸ್ಸಲ್ಲಿ ಬರುತ್ತಿದ್ದರು. ರಸ್ತೆ ಪಕ್ಕದ ತಗಡಿನ ಶೆಡ್ಡೇ ಅವರ ಲ್ಯಾಬು. ಒಳಗೆ ತಕ್ಕಡಿಗಳು, ಕಲ್ಲು ಒಡೆಯುವ ಮೆಷಿನ್ನು, ನೀರಿನ ತೊಟ್ಟಿ, ಒಂದರ ಮೇಲೊಂದು ಪೇರಿಸಿಟ್ಟ ಹಿತ್ತಾಳೆ ಜರಡಿಗಳು. ಜನ ಅವರಿಗೆ ಜರಡಿ ಸಾಹೇಬ್ರು ಅಂತ ಹೆಸರಿಟ್ಟಿದ್ದು ಅದಕ್ಕೇ. ನಾನು ಹಳ್ಳದ ಆಚೆ ಊರಿನವಳು. ಕಸ ಗುಡಿಸಿ, ತೊಟ್ಟಿಗೆ ನೀರು ತುಂಬಿ, ಟೀ ಕಾಯಿಸಿ ಕೊಡುವುದಕ್ಕೆ ನನ್ನನ್ನು ಇಟ್ಟುಕೊಂಡರು.

ಅವರು ಯಾರಿಗೂ ‘ನೀನು’ ಅಂದವರಲ್ಲ. ಕೋಪ ಬಂದರೆ ಮರ್ಯಾದೆ ಇನ್ನೂ ಜಾಸ್ತಿಯಾಗುತ್ತಿತ್ತು. “ತಾವು ದಯಮಾಡಿ ಈ ಕಸ ತಗೊಂಡು ಹೋಗಬೇಕು” ಅಂದರೆ ಆ ಲಾರಿಯವನ ಕತೆ ಮುಗಿಯಿತು ಅಂತ ಅರ್ಥ. ಬೈಗುಳ ಕೇಳಿ ಅಭ್ಯಾಸವಿದ್ದ ಡ್ರೈವರುಗಳು ಈ ಮರ್ಯಾದೆಗೆ ಹೆದರುತ್ತಿದ್ದರು.

ಯಾವುದನ್ನೂ ನೋಡಿದ ಹಾಗೇ ನಂಬುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ನಾನು ಊಟಕ್ಕೆ ಅವರೆಕಾಳು ಬಿಡಿಸುತ್ತಾ ಕೂತಿದ್ದರೆ ಬಂದು, ಅದನ್ನು ಜರಡಿಗೆ ಹಾಕಿ ಅಲ್ಲಾಡಿಸಿ, ದಪ್ಪದ್ದು ಬೇರೆ ಸಣ್ಣದ್ದು ಬೇರೆ ಮಾಡಿ, “ಹಾಲಮ್ಮ, ನಿಮ್ಮ ಕಾಳಲ್ಲಿ ಸಣ್ಣದು ಜಾಸ್ತಿ. ಇದು ಎರಡು ಥರ ಬೇಯುತ್ತೆ” ಅನ್ನುತ್ತಿದ್ದರು.

“ಹೊಟ್ಟೆಗೆ ಹೋದ್ಮೇಲೆ ಒಂದೇ ಥರ ಆಯ್ತದೆ ಸಾಮಿ, ಕೊಡಿ ಇಲ್ಲಿ” ಅಂತ ಕಿತ್ತುಕೊಳ್ಳುತ್ತಿದ್ದೆ.

ಒಂದು ಸಲ ನಾನು ತಂದ ರಾಗಿಮುದ್ದೆಗೆ ಡಾಂಬರಿನ ಬಿಸಿ ನೋಡುವ ಕಡ್ಡಿ ಚುಚ್ಚುವುದಕ್ಕೆ ಬಂದರು. ನಾನು ಕೈ ಅಡ್ಡ ಹಿಡಿದೆ. ಡಾಂಬರು ಕುಡಿದ ಕಡ್ಡಿ ಅದು. ತೊಳೆದಿದೆ ಅಂದರು. ನಾನು ಬಗ್ಗಲಿಲ್ಲ. ಬಗ್ಗದ ವಸ್ತು ಕಂಡರೆ ಅವರಿಗೆ ಗೌರವ, ಸುಮ್ಮನಾದರು.

ಅವರ ಹೆಂಡತಿ ಒಂದು ದಿನ ಶೆಡ್ಡು ನೋಡುವುದಕ್ಕೆ ಬಂದಿದ್ದರು. ಸಾಹೇಬರು ಹೊರಗೆ ಹೋದಾಗ ನನಗೆ ಹೇಳಿದರು: “ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ತಿಂದು ಎದ್ದೋರೇ ನಮ್ಮನೆ ಗೋಡೆನೆಲ್ಲ ಬೆರಳಲ್ಲಿ ಕುಟ್ಟಿ ಕುಟ್ಟಿ ನೋಡಿದ್ರು ಕಣಮ್ಮ. ನಮ್ಮಪ್ಪ, ಹುಡುಗಿ ಒಪ್ಪದಿದ್ರೆ ಗೋಡೆನಾದ್ರೂ ಕೊಟ್ಟು ಕಳಿಸೋಣ ಅಂದ್ರು.”

“ಒಪ್ಪಿದ್ದು ಹೆಂಗೆ ಮತ್ತೆ?”

“ಗೋಡೆ ಟೊಳ್ಳಿತ್ತಂತೆ. ಅದನ್ನ ಬಾಯಿಬಿಟ್ಟು ಹೇಳಿದ್ರು. ನಾನೂ ಹೌದು, ನಮ್ಮಪ್ಪ ದುಡ್ಡು ಉಳಿಸಿದ್ದಾರೆ ಅಂದೆ. ಅದು ಅವರಿಗೆ ಹಿಡಿಸ್ತು.”

ಡಾಂಬರಿನ ದಿನದ್ದು ಹೇಳಬೇಕು. ರಸ್ತೆಗೆ ಹಾಕುವ ಡಾಂಬರು ಜಲ್ಲಿ ಬಿಸಿಬಿಸಿಯಾಗಿ ಬರಬೇಕು. ಆರಿದರೆ ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ, ಮಳೆ ಬಂದರೆ ಕಿತ್ತು ಬರುತ್ತದೆ. ಆವತ್ತು ಹತ್ತು ಗಂಟೆಗೆ ಬರಬೇಕಿದ್ದ ಟಿಪ್ಪರು ಒಂದೂವರೆಗೆ ಬಂತು. ಸಾಹೇಬರು ಹತ್ತಿ, ಟಾರ್ಪಾಲು ಸರಿಸಿ ಕಡ್ಡಿ ಚುಚ್ಚಿದರು. ಇಳಿದು ಬಂದು ಕೇಳಿದರು.

“ತಾವು ಎಲ್ಲಿಗೆ ಹೋಗಿದ್ರಿ?”

“ಎಲ್ಲೂ ಇಲ್ಲ ಸಾರ್, ಸೀದಾ ಬಂದೆ.”

“ಸೀದಾ ಬಂದ ಡಾಂಬರು ಇಷ್ಟು ಆರಲ್ಲ.”

“ಗಾಳಿ ಸಾರ್. ಈ ಕಡೆ ಗಾಳಿ ಜಾಸ್ತಿ.”

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. “ನಿಮ್ಮ ಅಂಗಿ ಮೇಲೆ ಕೋಳಿಸಾರು ಚೆಲ್ಲಿದೆ. ಅದೂ ಗಾಳಿಗೆ ಬಂತಾ?”

ಅವನು ಅಂಗಿ ನೋಡಿಕೊಂಡ. ಅಮೃತಾಪುರದಲ್ಲಿ ಅವನ ಅತ್ತೆ ಮನೆ. ಹೊಸ ಅಳಿಯ, ಡಾಂಬರು ತುಂಬಿದ ಲಾರಿಯನ್ನು ಬಾಗಿಲಲ್ಲಿ ನಿಲ್ಲಿಸಿ ಉಂಡು ಬಂದಿದ್ದ. “ಬ್ಯಾಡ ಅಂದ್ರೂ ಬಿಡ್ಲಿಲ್ಲ ಸಾರ್, ಕೋಳಿ ಕುಯ್ದಿದ್ರು” ಅಂದ.

“ಬಹಳ ಸಂತೋಷ. ಈಗ ಈ ಲೋಡನ್ನ ಅತ್ತೆ ಮನೆಗೇ ತಗೊಂಡು ಹೋಗಿ. ಅಂಗಳಕ್ಕೆ ಹಾಕ್ಸಿ. ನನ್ನ ರಸ್ತೆಗೆ ಬೇಡ.”

ಕಂಪನಿಯ ಇಂಜಿನಿಯರು ಮಹೇಶ ಓಡಿ ಬಂದ. ನಲವತ್ತು ದಾಟಿದ, ಹೊಟ್ಟೆ ಬಂದ, ಒಳ್ಳೆಯ ಮನುಷ್ಯ. ಹೆದರಿಕೆ ಮಾತ್ರ ಜಾಸ್ತಿ. ಬೇಡಿದ, ಕೈ ಮುಗಿದ. ಲೋಡು ವಾಪಸ್ಸು ಹೋಯಿತು. ಆ ಡ್ರೈವರಿನ ಅತ್ತೆ ಮನೆ ಅಂಗಳ ಈಗಲೂ ಕಪ್ಪಗಿದೆ ಅಂತ ಹೇಳುತ್ತಾರೆ, ನಾನು ಹೋಗಿ ನೋಡಿಲ್ಲ.

ಕಾಂಕ್ರೀಟಿನ ಕೆಲಸ ಶುರುವಾದಾಗ ಸಾಹೇಬರು ನನಗೆ ಬಡ್ತಿ ಕೊಟ್ಟರು. ಕಾಂಕ್ರೀಟು ಸುರಿಯುವಾಗಲೆಲ್ಲ ಅದರಲ್ಲಿ ಒಂದಿಷ್ಟು ತೆಗೆದು ಕಬ್ಬಿಣದ ಚೌಕ ಡಬ್ಬಿಗಳಿಗೆ ತುಂಬಬೇಕು. ಮೂರು ಸಲ ತುಂಬಿ, ಪ್ರತಿ ಸಲವೂ ಕಂಬಿಯಲ್ಲಿ ಮೂವತ್ತೈದು ಏಟು ಕುಟ್ಟಬೇಕು. ಮಾರನೆ ದಿನ ಡಬ್ಬಿ ಬಿಚ್ಚಿದರೆ ಒಳಗೆ ಚೌಕ ಕಲ್ಲು. ಅದಕ್ಕೆ ಕ್ಯೂಬ್ ಅನ್ನುತ್ತಾರೆ. ಅದರ ಮೇಲೆ ತಾರೀಕು ಬರೆದು ಇಪ್ಪತ್ತೆಂಟು ದಿನ ನೀರಲ್ಲಿ ಮುಳುಗಿಸಿಡಬೇಕು. ಆಮೇಲೆ ಮೆಷಿನ್ನಿಗೆ ಕೊಟ್ಟು ಒಡೆಯುವುದು. ಎಷ್ಟು ಭಾರಕ್ಕೆ ಒಡೆಯಿತು ಅಂತ ಮುಳ್ಳು ತೋರಿಸುತ್ತದೆ. ಡಬ್ಬಿಯದೂ ಮೋರಿಯದೂ ಒಂದೇ ಕಾಂಕ್ರೀಟು, ಆದ್ದರಿಂದ ಕ್ಯೂಬು ಎಷ್ಟು ಗಟ್ಟಿಯೋ ಮೋರಿಯೂ ಅಷ್ಟು ಗಟ್ಟಿ ಅಂತ ಲೆಕ್ಕ.

ನನಗೆ ಅಂಕಿ ಬರುತ್ತಿರಲಿಲ್ಲ. ಸಾಹೇಬರೇ ಮರಳಿನ ಮೇಲೆ ಬರೆಸಿ ಕಲಿಸಿದರು. ಎಂಟು ಬರೆಯುವುದು ಕಷ್ಟವಾಯಿತು. “ಮೇಲೊಂದು ಉಂಡೆ, ಕೆಳಗೊಂದು ಉಂಡೆ ಹಾಕಿ, ನಡೀತದೆ” ಅಂದರು. ಒಂದು ತಿಂಗಳಲ್ಲಿ ತಾರೀಕೂ ಬರೆದೆ, ಮುಳ್ಳನ್ನೂ ಓದಿದೆ. ಅಲ್ಲಿಂದ ಕ್ಯೂಬು ತುಂಬುವ ಕೆಲಸ ಪೂರ್ತಿ ನನ್ನದು. ಮಹೇಶನ ಎದುರಿಗೇ ಹೇಳಿದರು: “ಈ ರಸ್ತೇಲಿ ನಾನು ನಂಬೋದು ಇಬ್ಬರನ್ನ. ಒಂದು ತಕ್ಕಡಿ, ಇನ್ನೊಂದು ಹಾಲಮ್ಮ.”

ನನ್ನ ಕ್ಯೂಬುಗಳು ಚೆನ್ನಾಗಿ ಬರುತ್ತಿದ್ದವು. ಮುಳ್ಳು ದಾಟಲೇಬೇಕಾದ ಗೆರೆಯನ್ನು ಸಾಹೇಬರು ಕೆಂಪು ಬಣ್ಣದಲ್ಲಿ ಎಳೆದಿದ್ದರು, ಐನೂರ ಅರವತ್ತಕ್ಕೆ. ನನ್ನವು ಏಳುನೂರಕ್ಕೆ ಕಡಿಮೆ ಒಡೆದದ್ದೇ ಇಲ್ಲ. ಒಂದು ಮೋರಿ ಆಯಿತು, ಎರಡಾಯಿತು, ಹತ್ತಾಯಿತು. ಹನ್ನೊಂದನೆಯದು ನಮ್ಮೂರ ಹಳ್ಳದ್ದು.

ಆ ಹಳ್ಳದ ವಿಷಯ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಳೆ ಹಿಡಿದರೆ ಅದು ರಸ್ತೆ ಮೇಲೇ ಹರಿಯುತ್ತಿತ್ತು. ಅಜ್ಜಂಪುರದಿಂದ ಬರುವ ಬಸ್ಸು ಹಳ್ಳದ ಆ ಕಡೆಗೇ ತಿರುಗಿಸಿಕೊಂಡು ಹೋಗುತ್ತಿತ್ತು. ನಾವು ಸೀರೆ ಎತ್ತಿ ಕಟ್ಟಿಕೊಂಡು, ಚಪ್ಪಲಿ ಕೈಲಿ ಹಿಡಿದು ದಾಟಬೇಕು. ನಾನು ಮದುವೆಯಾಗಿ ಬಂದ ದಿನವೂ ಹಾಗೇ ದಾಟಿದ್ದು, ಧಾರೆ ಸೀರೆ ಸೊಂಟದವರೆಗೆ ಕೆಸರಾಗಿ, ಅತ್ತೆಯ ಬೈಗುಳದಿಂದಲೇ ಸಂಸಾರ ಶುರುವಾಯಿತು. ಪಂಚಾಯ್ತಿ ಮೆಂಬರು ಚಂದ್ರಣ್ಣ ಅರ್ಜಿ ಹಾಕಿ ಹಾಕಿ ಕಡೆಗೆ ಅಲ್ಲಿಗೆ ಎತ್ತರದ ಮೋರಿ ಮಂಜೂರಾಯಿತು. ನೀರಿನ ಹೊಡೆತಕ್ಕೆ ದಂಡೆ ಕೊಚ್ಚಿ ಹೋಗದ ಹಾಗೆ ಪಕ್ಕಕ್ಕೊಂದು ದೊಡ್ಡ ಗೋಡೆ.

ಆ ಗೋಡೆಗೆ ಕಾಂಕ್ರೀಟು ಸುರಿಯುವ ದಿನ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಮಹೇಶ ಮುಂದೆ ಚರಂಡಿ ತೋಡಿಸುತ್ತಿದ್ದ. ಗೋಡೆ ಹತ್ತಿರ ಕಂಬಿ ಕಟ್ಟುವವರು, ನಾನು, ನನ್ನ ಡಬ್ಬಿಗಳು. ಕಾಂಕ್ರೀಟಿನ ಲಾರಿ ಅಜ್ಜಂಪುರದ ರೈಲ್ವೆ ಗೇಟಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿ ಬಂತು. ಅಷ್ಟು ಹೊತ್ತಿಗೆ ಒಳಗಿದ್ದದ್ದು ಬಿಗಿಯಾಗಿ, ಕೆಳಗಿಳಿಯಲೊಲ್ಲದು. ಡ್ರೈವರು ಪೈಪು ಹಿಡಿದು ಒಳಗೆ ನೀರು ಬಿಟ್ಟ. ಸಾರು ಗಟ್ಟಿಯಾದರೆ ನಾವೂ ನೀರು ಹಾಕುತ್ತೇವೆ, ಅದರಲ್ಲಿ ನನಗೇನೂ ವಿಶೇಷ ಕಾಣಲಿಲ್ಲ. ತೆಳ್ಳಗಾಗಿ ಸಲೀಸಾಗಿ ಇಳಿಯಿತು. ನಾನು ಎಂದಿನಂತೆ ಕ್ಯೂಬು ತುಂಬಿ, ಊರಿನ ಮೋರಿ ಅಂತ ಎಂದಿಗಿಂತ ಮುತುವರ್ಜಿಯಿಂದ ಕುಟ್ಟಿ, ಮನೆಗೆ ಹೋದೆ.

ಇಪ್ಪತ್ತೆಂಟು ದಿನಕ್ಕೆ ಸಾಹೇಬರು ಅವನ್ನು ಮೆಷಿನ್ನಿಗಿಟ್ಟರು. ಮುಳ್ಳು ಕೆಂಪು ಗೆರೆ ದಾಟಿತು. ಏಳುನೂರು ದಾಟಿತು. ಎಂಟುನೂರು ದಾಟಿತು. ಒಂಬೈನೂರರ ಹತ್ತಿರ ಗುಂಡು ಹಾರಿದ ಹಾಗೆ ಶಬ್ದ ಮಾಡಿ ಕ್ಯೂಬು ಒಡೆಯಿತು. ನಾನು ಚಪ್ಪಾಳೆ ತಟ್ಟಿದೆ. ಸಾಹೇಬರ ಮುಖ ಹೆಪ್ಪುಗಟ್ಟಿತ್ತು.

“ಯಾಕ್ ಸಾಮಿ, ಗಟ್ಟಿ ಬಂದ್ರೂ ಬೇಜಾರಾ?”

“ಹಾಲಮ್ಮ, ನೂರು ಅಂಕಕ್ಕೆ ಪರೀಕ್ಷೆ ಬರೆದೋನಿಗೆ ನೂರಿಪ್ಪತ್ತು ಬಂದ್ರೆ ಏನನ್ಬೇಕು?”

“ಬುದ್ಧಿವಂತ ಅನ್ಬೇಕು.”

“ಕಳ್ಳ ಅನ್ಬೇಕು.”

ಯಾರೋ ಕಳ್ಳ ಕ್ಯೂಬು ಮಾಡಿ ತೊಟ್ಟಿಗೆ ಹಾಕುತ್ತಿದ್ದಾರೆ ಅಂತ ಅವರಿಗೆ ಗಟ್ಟಿಯಾಯಿತು. ಯಾರು ಅಂದರೆ ಮಹೇಶನೇ, ಇನ್ಯಾರು. ತೊಟ್ಟಿಗೆ ಬೀಗ ಬಿತ್ತು. ಡಬ್ಬಿಗಳಿಗೆ ಅರಗಿನ ಮುದ್ರೆ ಬಿತ್ತು. ಮಹೇಶ ಬಂದರೆ ಸಾಹೇಬರು “ತಮ್ಮ ಆಗಮನದ ಕಾರಣ?” ಅನ್ನುತ್ತಿದ್ದರು. ಅವನನ್ನು ಈ ಕೆಲಸದಿಂದ ತೆಗೆಯಬೇಕು ಅಂತ ಕಾಗದವೂ ತಯಾರಾಯಿತು. ಪಾಪ, ಆ ಮನುಷ್ಯ ನನ್ನ ಹತ್ತಿರ ಬಂದು, “ನಾನು ಆ ತೊಟ್ಟಿಗೆ ಬೆರಳೂ ಅದ್ದಿಲ್ಲ ಕಣಮ್ಮ. ನೀನಾದ್ರೂ ಹೇಳು” ಅಂದ. ಹೇಳಿದೆ. ಸಾಹೇಬರು, ನೀವು ಒಳ್ಳೇವರು, ನಿಮಗೆ ಗೊತ್ತಾಗಲ್ಲ ಅಂದುಬಿಟ್ಟರು.

ಕಳ್ಳನನ್ನು ಕಣ್ಣಾರೆ ಹಿಡಿಯಬೇಕು ಅಂತ ಸಾಹೇಬರು ಮುಂದಿನ ಚರಂಡಿಗೆ ಕಾಂಕ್ರೀಟು ಹಾಕುವ ದಿನ ರಜೆ ಅಂತ ಹೇಳಿ, ಬೆಳಿಗ್ಗೆಯೇ ಬಂದು ಜಲ್ಲಿ ರಾಶಿಯ ಹಿಂದೆ ಅಡಗಿ ಕೂತರು. ಬಿಸಿಲು ಚುರುಗುಟ್ಟುತ್ತಿತ್ತು. ರಾಶಿಯ ಮೇಲೆ ಕಪ್ಪು ಕೊಡೆ ಅರಳಿಕೊಂಡಿತ್ತು. ಇಡೀ ರಸ್ತೆಗೆ ಕಾಣುತ್ತಿತ್ತು. ನಾನು ಟೀ ತಗೊಂಡು ಹೋದೆ.

“ಯಾಕ್ ಸಾಮಿ ಬಿಸಿಲಲ್ಲಿ ಕೂತಿದೀರಿ? ಶೆಡ್ಡಿಗೆ ಬನ್ನಿ.”

“ಮೆಲ್ಲಗೆ ಮಾತಾಡಿ. ನಾನು ಇಲ್ಲಿಲ್ಲ.”

“ಸರಿ. ಟೀಗೆ ಸಕ್ಕರೆ ಕಮ್ಮಿ ಹಾಕಿದೀನಿ.”

ಅವರ ಎದುರಿಗೇ, ನಾಲ್ಕು ಮಾರು ದೂರದಲ್ಲಿ ನನ್ನ ಕೆಲಸಕ್ಕೆ ಕೂತೆ. ಬಾಂಡ್ಲಿಯಲ್ಲಿ ಕಾಂಕ್ರೀಟು ತಂದೆ. ಚಪ್ಪಟೆ ಜಲ್ಲಿಗಳನ್ನು ಆರಿಸಿ ಎಸೆದೆ. ಮಡಿಲಲ್ಲಿದ್ದ ಪೊಟ್ಟಣ ಬಿಚ್ಚಿ ಎರಡು ಹಿಡಿ ಸಿಮೆಂಟು ಹಾಕಿ ಕಲಸಿದೆ. ಡಬ್ಬಿಗೆ ತುಂಬಿ ಕುಟ್ಟತೊಡಗಿದೆ. ತಲೆ ಎತ್ತಿದರೆ ಸಾಹೇಬರು ಎದ್ದು ನಿಂತಿದ್ದಾರೆ. ಟೀ ಅಂಗಿ ಮೇಲೆ ಚೆಲ್ಲಿದೆ.

“ಏನದು?”

“ಯಾವುದು ಸಾಮಿ?”

“ಆ ಪೊಟ್ಟಣ.”

“ಸಿಮೆಂಟು. ನಿಮ್ಮದೇ. ಶೆಡ್ಡಲ್ಲಿ ಬಿಚ್ಚಿಟ್ಟ ಚೀಲದ್ದು.”

“ಯಾಕೆ ಹಾಕಿದ್ರಿ?”

ಈ ಪ್ರಶ್ನೆಯೇ ನನಗೆ ವಿಚಿತ್ರವಾಗಿ ಕಂಡಿತು. “ಅಲ್ಲ ಸಾಮಿ, ಹಬ್ಬದಲ್ಲಿ ಒಬ್ಬಟ್ಟು ಮಾಡಿದ್ರೆ ದೇವರಿಗೆ ಎಡೆ ಇಡೋದು ಯಾವುದನ್ನ? ಹೂರಣ ಚೆನ್ನಾಗಿ ತುಂಬಿದ್ದನ್ನ. ಹರಿದಿದ್ದು ಮುರಿದಿದ್ದು ನಾವು ತಿಂತೀವಿ. ಇದು ಸರ್ಕಾರಕ್ಕೆ ಇಡೋ ಎಡೆ ಅಲ್ವಾ? ಬಂದಿದ್ದನ್ನ ಬಂದಂಗೆ ಇಡಕ್ಕಾಯ್ತದಾ?”

ಸಾಹೇಬರು ಜಲ್ಲಿ ರಾಶಿಯ ಮೇಲೆಯೇ ಕೂತರು. “ಎಷ್ಟು ದಿನದಿಂದ?”

“ಶುರುವಿಂದ.”

“ಹನ್ನೊಂದು ಮೋರಿಗೂ?”

“ಎಲ್ಲಕ್ಕೂ. ನಮ್ಮೂರಿಂದಕ್ಕೆ ನಾಲ್ಕು ಹಿಡಿ.”

“ನನಗೆ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ. ಎದುರಿಗೇ ಹಾಕ್ತಿದ್ದೆ. ನೀವು ಆ ಕಡೆ ತಿರುಗಿ ಇನ್ನೇನೋ ಅಳೀತಿದ್ರಿ.”

ಸಾಹೇಬರು ಅಂಗಿ ಮೇಲಿನ ಟೀ ಒರೆಸಿಕೊಂಡು ಎದ್ದರು. ಆಮೇಲೆ ಮಹೇಶನನ್ನು ಕರೆಸಿ, ಅವನ ಮೇಲೆ ಬರೆದಿದ್ದ ಕಾಗದವನ್ನು ಅವನ ಮುಂದೆಯೇ ಹರಿದರು. “ನನ್ನಿಂದ ತಪ್ಪಾಯ್ತು ಮಹೇಶ್” ಅಂದರು. ಮಹೇಶ ಖುಷಿಗೆ, “ಹೋಗ್ಲಿ ಬಿಡಿ ಸಾರ್. ಮೋರಿಗಳೆಲ್ಲ ಚೆನ್ನಾಗೇ ಇದಾವೆ. ಇದು ನಮ್ಮ ಮೂವರಲ್ಲೇ ಇರ್ಲಿ” ಅಂದ.

“ಚೆನ್ನಾಗಿದಾವೆ ಅಂತ ಯಾರು ಹೇಳಿದ್ದು?”

“ಕ್ಯೂಬು.”

“ಕ್ಯೂಬಿಗೆ ಹಾಲಮ್ಮ ಹೇಳ್ಕೊಟ್ಟಿದ್ರು.”

ಹೊಸ ಕಾಗದ ತೆಗೆದು ಬರೆಯಲು ಕೂತರು. ಹನ್ನೊಂದು ಮೋರಿಯನ್ನೂ ಮೆಷಿನ್ನಿನಲ್ಲಿ ಕೊರೆದು ಒಳಗಿನ ಕಾಂಕ್ರೀಟು ತೆಗೆದು ಪರೀಕ್ಷೆ ಮಾಡಬೇಕು, ಉಸ್ತುವಾರಿ ನೋಡಬೇಕಿದ್ದವರೇ ನೋಡಿಲ್ಲ, ಆ ಲೋಪ ನನ್ನದು ಅಂತ ತಮ್ಮ ಮೇಲೆ ತಾವೇ ದೂರು ಬರೆದು ಸಹಿ ಹಾಕಿದರು. ನನ್ನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ ಅಂತ ಮಹೇಶ ಓದಿ ಹೇಳಿದ. ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡು ಬುತ್ತಿ ಕಟ್ಟಿಕೊಂಡು ಎದ್ದೆ.

“ಎಲ್ಲಿಗೆ?” ಅಂದರು.

“ಮನೆಗೆ. ಇನ್ನೊಬ್ಬಳನ್ನ ಇಟ್ಕೊಳಿ.”

“ಇನ್ನೊಬ್ಬರಿಗೂ ಎಡೆ ಇಡೋದು ಗೊತ್ತಿರುತ್ತೆ. ಅದು ಇಲ್ಲಿ ತಪ್ಪು ಅಂತ ಗೊತ್ತಿರೋದು ಈಗ ನಿಮಗೊಬ್ಬರಿಗೇ. ಕೂತ್ಕೊಳಿ.”

ಕೊರೆಯುವ ಸುದ್ದಿ ಊರಿಗೆ ಮುಟ್ಟಿತು. ಚಂದ್ರಣ್ಣ ನಮ್ಮ ಮನೆ ಜಗಲಿಗೆ ಬಂದ.

“ಹಾಲಕ್ಕ, ನೀನು ನಮ್ಮೂರ್ದಕ್ಕೆ ಏನೂ ಹಾಕಿಲ್ಲ ಅಂದ್ಬಿಡು. ಉಳಿದ ಹತ್ತನ್ನ ಕೊರ್ಕಳ್ಲಿ.”

“ಅದಕ್ಕೇ ಜಾಸ್ತಿ ಹಾಕಿದ್ದು ಕಣಪ್ಪ. ಹೇಳಿ ಆಗಿದೆ.”

“ತಿರುಗಿಸಿ ಹೇಳು. ವಯಸ್ಸಾಗಿದೆ, ಮರೆತಿದ್ದೆ ಅನ್ನು.”

“ವಯಸ್ಸು ಕಾಲಿಗಾಗಿದೆ. ಬಾಯಿಗಾಗಿಲ್ಲ.”

“ಲೇ ಹಾಲಕ್ಕ, ಆ ಮೋರಿಗೆ ನಾನು ಎಷ್ಟು ಆಫೀಸು ಸುತ್ತಿದೀನಿ ಗೊತ್ತಾ? ಕೊರೆದು ಸರಿ ಇಲ್ಲ ಅಂದ್ರೆ ಒಡೀತಾರೆ. ಒಡೆದ್ರೆ ಈ ಮಳೆಗಾಲನೂ ಬಸ್ಸಿಲ್ಲ. ನೀನೂ ಸೀರೆ ಎತ್ಕೊಂಡು ದಾಟ್ಬೇಕು.”

“ದಾಟ್ತೀನಿ. ಗೋಡೆ ಸರಿ ಇಲ್ದಿದ್ರೆ ಬಸ್ಸಿನ ಸಮೇತ ಹೋಗೋದಕ್ಕಿಂತ ವಾಸಿ.”

ಹಾಗೆ ಅಂದೆನೇ ಹೊರತು, ರಾತ್ರಿಯೆಲ್ಲ ಗೋಡೆ ಚೆನ್ನಾಗಿರಲಿ ಅಂತಲೇ ಇತ್ತು ಮನಸ್ಸಲ್ಲಿ. ಊರೆಲ್ಲ ಹಾಗೇ ಕಾಯುತ್ತಿತ್ತು.

ಕೊರೆಯುವ ಮೆಷಿನ್ನು ಬಂತು. ಒಂದೊಂದು ಮೋರಿಯಿಂದಲೂ ಬಾಳೆದಿಂಡಿನಂಥ ಉರುಟು ತುಂಡು ತೆಗೆದರು. ಸಾಹೇಬರು ಪ್ರತಿಯೊಂದನ್ನೂ ಬೆರಳಲ್ಲಿ ಕುಟ್ಟಿ ಕಿವಿಗೆ ಹಿಡಿದರು, ಆಮೇಲೆ ಮೆಷಿನ್ನಿಗಿಟ್ಟರು. ಹತ್ತು ಮೋರಿ ಪಾಸಾದವು. ನನ್ನ ಕ್ಯೂಬಿನಷ್ಟು ಜೋರಾಗಿ ಅಲ್ಲ, ಇರಬೇಕಾದಷ್ಟು. ಮಹೇಶ ಊರಿಗೆಲ್ಲ ಬಾಳೆಹಣ್ಣು ಹಂಚುವವನ ಹಾಗೆ ಓಡಾಡಿದ. ಹನ್ನೊಂದನೆಯದರಲ್ಲಿ ಮೋರಿಯೂ ಪಾಸಾಯಿತು. ಪಕ್ಕದ ಗೋಡೆಯ ತುಂಡು ಮಾತ್ರ ಹೊರಗೆ ತೆಗೆಯುವಾಗಲೇ ಎರಡಾಯಿತು. ಸಾಹೇಬರು ಅದನ್ನು ನನ್ನ ಕೈಗೆ ಕೊಟ್ಟರು. ಹೆಬ್ಬೆರಳಲ್ಲಿ ಉಜ್ಜಿದರೆ ಒಣಗಿದ ಹಿಟ್ಟಿನ ಉಂಡೆಯಂತೆ ಉದುರಿತು.

“ಆವತ್ತು ಏನಾಯ್ತು ಹೇಳಿ” ಅಂದರು.

ರೈಲ್ವೆ ಗೇಟು, ನೀರಿನ ಪೈಪು, ಎಲ್ಲ ಹೇಳಿದೆ. ಬಿಗಿಯಾದ ಕಾಂಕ್ರೀಟಿಗೆ ನೀರು ಬಿಟ್ಟರೆ ಅದರ ಜೀವ ಹೋಗುತ್ತದಂತೆ. ಅದನ್ನು ಕ್ಯೂಬು ಹೇಳಬೇಕಿತ್ತು. ಬೇರೆ ಹತ್ತು ಕಡೆ ನನ್ನ ಸಿಮೆಂಟು ದಂಡವಾಗಿ ಹೋಯಿತು, ಅಷ್ಟೆ. ಕ್ಯೂಬು ನಿಜ ಹೇಳಲೇಬೇಕಾಗಿದ್ದ ಒಂದು ಕಡೆ ನಾನು ನಾಲ್ಕು ಹಿಡಿ ಹಾಕಿ ಅದರ ಬಾಯಿ ಮುಚ್ಚಿದ್ದೆ.

ಗೋಡೆ ಒಡೆಯುವ ದಿನ ಊರಿಗೆ ಊರೇ ಬಂದು ನಿಂತಿತು. ಸಾಹೇಬರು ಕೊಡೆ ಹಿಡಿದು ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ನಿಂತರು. ಯಾರೂ ಒಂದು ಲೋಟ ನೀರು ಕೊಡಲಿಲ್ಲ. ನಾನು ಮಜ್ಜಿಗೆ ತಂದುಕೊಟ್ಟೆ.

“ಕುಡಿರಿ ಸ್ವಾಮಿ” ಅಂದ ಚಂದ್ರಣ್ಣ. “ನಿಮಗೇನು, ಸಂಜೆ ಬಸ್ಸು ಹತ್ತಿ ಕಡೂರಿಗೆ ಹೋಗ್ತೀರಿ. ನಮ್ಮ ಗೋಡೆ ತಿಂದ್ರಿ.”

“ಗೋಡೆ ತಿಂದಿಲ್ಲ ಚಂದ್ರಣ್ಣನವರೆ. ಮೊದಲೇ ತಿಂದು ನೋಡ್ಬೇಕಿತ್ತು. ಮೀಟಿಂಗಿಗೆ ಹೋಗಿದ್ದೆ, ಅದೇ ತಪ್ಪು.”

ನಾಲ್ಕು ಜನ ನಕ್ಕರು. ಚಂದ್ರಣ್ಣ ನಗಲಿಲ್ಲ. ಸಾಹೇಬರೂ ನಗಿಸಲಿಕ್ಕೆ ಹೇಳಿದ್ದಲ್ಲ.

ಹೊಸ ಗೋಡೆಗೆ ಕಾಂಕ್ರೀಟು ಬಂದ ದಿನ ಸಾಹೇಬರು ಮೀಟಿಂಗಿಗೆ ಹೋಗಲಿಲ್ಲ. ಲಾರಿಯಲ್ಲಿ ಡ್ರೈವರಿನ ಪಕ್ಕ ತಾವೇ ಕೂತು ಬಂದರು. ನೀರಿನ ಪೈಪನ್ನು ಬಿಚ್ಚಿಸಿ ತೊಡೆ ಮೇಲಿಟ್ಟುಕೊಂಡಿದ್ದರು. ಇಳಿದವರೇ ನನಗೆ ಹೇಳಿದರು: “ಹಾಲಮ್ಮ, ಮಡಿಲು ಕೊಡವಿ.” ಸೆರಗು ಕೊಡವಿ ತೋರಿಸಿದೆ. “ಈಗ ತುಂಬಿ. ಆರಿಸ್ಬೇಡಿ. ನೋಡ್ಲೂಬೇಡಿ.”

ಬಾಂಡ್ಲಿಗೆ ಕೈ ಹಾಕಿದಾಗ ಬೆರಳಿಗೆ ಒಂದು ಚಪ್ಪಟೆ ಜಲ್ಲಿ ಸಿಕ್ಕಿತು. ಎಸೆಯಬೇಕು ಅನ್ನಿಸಿತು. ತಡೆದುಕೊಂಡು ಡಬ್ಬಿಗೆ ಹಾಕಿದೆ. ಸೋತ ಮಗನನ್ನು ನೆಂಟರ ಎದುರಿಗೆ ಕೂರಿಸಿದ ಹಾಗಾಯಿತು.

ಆ ಕ್ಯೂಬುಗಳಿಗೆ ಇಪ್ಪತ್ತೆಂಟು ದಿನ ಆಗುವ ಮೊದಲೇ ಸಾಹೇಬರಿಗೆ ವರ್ಗವಾಯಿತು. ತಾವೇ ಬರೆದುಕೊಂಡ ದೂರಿನ ಫಲ. ದೂರದ ಊರಿನ ಆಫೀಸು, ಬರೀ ಕಾಗದದ ಕೆಲಸ, ಒಡೆಯಲು ಒಂದು ಕಲ್ಲೂ ಇಲ್ಲವಂತೆ. ಹೋಗುವ ದಿನ ಜರಡಿಗಳನ್ನೆಲ್ಲ ಒರೆಸಿ, ಎಣಿಸಿ, ಹೊಸ ಸಾಹೇಬರಿಗೆ ಒಪ್ಪಿಸಿದರು. ನನ್ನ ಫೋನ್ ನಂಬರು ಕೇಳಿದರು. ಅಂಕಿಯನ್ನು ನನ್ನ ಕೈಯಲ್ಲೇ ಬರೆಸಿದರು.

ಇಪ್ಪತ್ತೆಂಟನೆ ದಿನ ಹನ್ನೊಂದು ಗಂಟೆಗೆ ಸರಿಯಾಗಿ ಫೋನ್ ಬಂತು.

“ಹಾಲಮ್ಮ, ಇಟ್ಟಿದಾರಾ ಮೆಷಿನ್ನಿಗೆ?”

“ಈಗ ಇಡ್ತಾವ್ರೆ. ಹೊಸ ಸಾಹೇಬ್ರು ಇಲ್ಲೇ ಅವ್ರೆ, ಕೊಡ್ಲಾ?”

“ಬೇಡ. ನೀವು ಓದಿ.”

ಹೊಸ ಸಾಹೇಬರು ನಗುತ್ತಾ ನನ್ನನ್ನು ಮೆಷಿನ್ನಿನ ಮುಂದೆ ನಿಲ್ಲಿಸಿದರು. ಮಹೇಶ ಉಗುರು ಕಚ್ಚುತ್ತಾ ನಿಂತಿದ್ದ. ಚಂದ್ರಣ್ಣನೂ ಬಂದಿದ್ದ, ಬಾಗಿಲಾಚೆ, ಒಳಗೆ ಬರಲಿಲ್ಲ. ಮುಳ್ಳು ಮೇಲೇರತೊಡಗಿತು. ನಾನು ಓದುತ್ತಾ ಹೋದೆ. ನಾಲ್ಕುನೂರು. ನಾಲ್ಕುನೂರ ಐವತ್ತು. ಐನೂರು. ಅಲ್ಲಿಂದ ಮುಂದೆ ಮುಳ್ಳು ಹತ್ತುವುದು ನಿಧಾನವಾಯಿತು ಅನ್ನಿಸಿತು, ಅದು ನನ್ನ ಭ್ರಮೆಯೂ ಇರಬಹುದು. ಐನೂರ ನಲವತ್ತು. ಫೋನಿನಲ್ಲಿ ಉಸಿರು ಕೇಳಿಸುತ್ತಿತ್ತು. ಐನೂರ ಅರವತ್ತು. ದಾಟಿತು. ಕ್ಯೂಬು ಒಡೆಯಿತು.

“ಎಷ್ಟು?”

“ಐನೂರ ಎಂಬತ್ತು.”

“ಇನ್ನೊಂದು ಸಲ ನೋಡಿ.”

“ಐದು, ಎಂಟು, ಸೊನ್ನೆ. ನೆಟ್ಟಗೆ ಕಾಣ್ತಾ ಇದೆ.”

“ಎರಡನೇದು ಇಡ್ಲಿ.”

ಎರಡನೆಯದು ಆರುನೂರ ಹತ್ತು. ಮೂರನೆಯದು ಐನೂರ ತೊಂಬತ್ತು. ಅಷ್ಟು ಹೊತ್ತೂ ಅವರು ಫೋನ್ ಇಡಲಿಲ್ಲ.

“ಬರೀ ಇಷ್ಟೇ ಬಂತು ಸಾಮಿ” ಅಂದೆ. ನನಗೆ ನಾಚಿಕೆಯಾಗುತ್ತಿತ್ತು.

“ಇಷ್ಟೇ ಬರ್ಬೇಕಾಗಿದ್ದು” ಅಂದರು. “ಸರಿ. ಇಡ್ತೀನಿ.”

ಇಟ್ಟರು. ಆಮೇಲೆ ಫೋನ್ ಬರಲಿಲ್ಲ. ಕೆಲಸವಿಲ್ಲದೆ ಮಾತಾಡುವವರಲ್ಲ, ನಾನೂ ಮಾಡಲಿಲ್ಲ.

ಮಾರನೆ ವರ್ಷ ಅವರು ರಿಟೈರಾದರು. ಅದಾದ ಮುಂದಿನ ಆಷಾಢದಲ್ಲಿ ಒಂದು ದಿನ ಮಹೇಶ ಫೋನ್ ಮಾಡಿ, ಸಾಹೇಬರು ತೀರಿಕೊಂಡರು ಅಂದ. ಎದೆ ನೋವಂತೆ. ನಾನು ಕಡೂರಿಗೆ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರ ಹೆಂಡತಿ ಪಕ್ಕ ಸ್ವಲ್ಪ ಹೊತ್ತು ಕೂತಿದ್ದೆ. ಅವರು ಕೊಟ್ಟ ಕಾಫಿ ಕುಡಿದು ಎದ್ದೆ.

ಬೀರೂರು ಬಿಟ್ಟ ಮೇಲೆ ಮಳೆ ಹಿಡಿಯಿತು. ಅಜ್ಜಂಪುರದಲ್ಲಿ ಬಸ್ಸು ಬದಲಾಯಿಸುವಾಗ ಕೊಡೆ ನಿಲ್ಲದಂಥ ಮಳೆ. ಹಳ್ಳ ಬಂದಿರುತ್ತದೆ ಅಂತ ಗೊತ್ತಾಯಿತು. ಬಸ್ಸು ಅದರ ಹತ್ತಿರ ಬಂದಾಗ ನಾನು ಸೀಟಿನ ಕಂಬಿ ಹಿಡಿದು ಎದ್ದು ನಿಂತು ಕಿಟಕಿಯಾಚೆ ನೋಡಿದೆ. ಕೆಂಪು ನೀರು, ದಂಡೆ ತುಂಬಾ, ಮರದ ಬುಡವೊಂದನ್ನು ಎತ್ತಿ ತಂದು ಗೋಡೆಗೆ ಬಡಿಯುತ್ತಿತ್ತು. ಡ್ರೈವರು ಗೇರು ಕೂಡ ಬದಲಾಯಿಸಲಿಲ್ಲ.

ಪಕ್ಕದಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಸೆರಗು ಎಳೆದಳು. “ಯಾಕಮ್ಮ ಎದ್ದೆ, ಇಲ್ಲೇ ಇಳೀಬೇಕಾ?”

“ಇಲ್ಲ. ಹಳ್ಳ ಬಂತು.”

ಅವಳು ಬಗ್ಗಿ ಹೊರಗೆ ನೋಡಿದಳು. ಅಷ್ಟರಲ್ಲಿ ದಾಟಿ ಆಗಿತ್ತು.

“ಯಾವ ಹಳ್ಳ?” ಅಂದಳು.